ಮುರಿದ ಎಲುಬಿಗೆ ಸ್ಟೀಲ್ ಪ್ಲೇಟೋ, ಟೈಟಾನಿಯಂ ಪ್ಲೇಟೋ? ದೇಹ ಯಾವುದಕ್ಕೆ ಹೇಗೆ ಪ್ರತಿಕ್ರಿಯಿಸುತ್ತದೆ?

ಬೆಟಗೇರಿ ಮಗ್ಗದ ಮನೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಮ್ಮ ಅವ್ವನಿಗೆ 58 ವರ್ಷ. ಹಿತ್ತಲಿನ ಮೆಟ್ಟಿಲಲ್ಲಿ ಜಾರಿ ಬಿದ್ದು ಬಲಗಾಲಿನಲ್ಲಿ ಮೊಣಕಾಲಿನ ಕೆಳಗಿನ ದೊಡ್ಡ ಎಲುಬು, ಪಾದದ ಕೀಲಿಗಿಂತ ಸ್ವಲ್ಪ ಮೇಲೆ, ಮುರಿದಿದೆ. ಚರ್ಮ ಹರಿದಿಲ್ಲ. ಹುಬ್ಬಳ್ಳಿಯ ಆಸ್ಪತ್ರೆಯೊಂದರಲ್ಲಿ ತೋರಿಸಿದ್ದೇವೆ. ಬಾವು ಇಳಿದ ಮೇಲೆ ಶಸ್ತ್ರಚಿಕಿತ್ಸೆ ಮಾಡಿ ಪ್ಲೇಟ್ ಮತ್ತು ಸ್ಕ್ರೂ ಕೂರಿಸುವುದಾಗಿ ವೈದ್ಯರು ತಿಳಿಸಿದ್ದಾರೆ. ಸ್ಟೀಲ್ ಪ್ಲೇಟ್ ಆದರೆ ಖರ್ಚು ಕಡಿಮೆ, ಟೈಟಾನಿಯಂ ಆದರೆ ಹೆಚ್ಚು, ಎರಡೂ ನಡೆಯುತ್ತವೆ, ಯೋಚಿಸಿ ಹೇಳಿ ಎಂದಿದ್ದಾರೆ.

ನಮ್ಮ ಗೊಂದಲ ಹಣದ್ದಷ್ಟೇ ಅಲ್ಲ. ಓಣಿಯಲ್ಲಿ ಒಬ್ಬರು ತಮ್ಮ ಸಂಬಂಧಿಯ ತೊಡೆಗೆ ಹಾಕಿದ ರಾಡ್ ದೇಹಕ್ಕೆ ಒಗ್ಗದೆ ಕೀವು ಸೋರಿ, ಕೊನೆಗೆ ತೆಗೆಸಬೇಕಾಯಿತು ಎಂದು ಹೇಳಿ ಅವ್ವನನ್ನು ಹೆದರಿಸಿದ್ದಾರೆ. ಅದಲ್ಲದೆ ಅವ್ವನಿಗೆ ರೋಲ್ಡ್ ಗೋಲ್ಡ್ ಬೆಂಡೋಲೆ ಹಾಕಿಕೊಂಡರೆ ಕಿವಿ ಕೆಂಪಾಗಿ, ತುರಿಸಿ, ನೀರು ಒಸರುವುದು ಮೊದಲಿನಿಂದಲೂ ಇದೆ. ಕಿವಿಗೇ ಆಗದ ಲೋಹ ಎಲುಬಿಗೆ ಆದೀತೇ ಎಂಬುದು ಅವರ ಪ್ರಶ್ನೆ, ಅದು ನನಗೂ ನ್ಯಾಯವೆನಿಸಿದೆ. ಅವರು ಕೈಮಗ್ಗದ ಮೇಲೆ ಕುಳಿತು ಕಾಲಿನಿಂದ ತುಳಿದು ನೇಯುವವರಾದ್ದರಿಂದ ಆ ಕಾಲು ಮತ್ತೆ ಪೂರ್ತಿ ಬಳಕೆಗೆ ಬರುವುದು ನಮಗೆ ಮುಖ್ಯ. ಒಳಗಿನ ಮಾಂಸ ಮತ್ತು ಎಲುಬು ಈ ಎರಡು ಲೋಹಗಳಿಗೆ ನಿಜಕ್ಕೂ ಬೇರೆ ಬೇರೆಯಾಗಿ ಪ್ರತಿಕ್ರಿಯಿಸುತ್ತವೆಯೇ? ತಿಳಿದವರು ವಿವರವಾಗಿ ಬರೆದರೆ ಉಪಕಾರವಾಗುತ್ತದೆ.

ಎಲುಬು-ಕೀಲು ವೈದ್ಯ, ಹುಬ್ಬಳ್ಳಿ

ಎಕ್ಸ್‌ರೇ ನೋಡದೆ ನಿಮ್ಮ ತಾಯಿಯವರಿಗೆ ಯಾವುದು ಸರಿ ಎಂದು ನಾನು ಹೇಳಲಾರೆ. ಆ ಮಾತು ಅವರನ್ನು ಪರೀಕ್ಷಿಸಿದ ಶಸ್ತ್ರಚಿಕಿತ್ಸಕರಿಂದಲೇ ಬರಬೇಕು. ಆದರೆ ಲೋಹ ಒಳಗೆ ಹೋದ ಮೇಲೆ ದೇಹ ಏನು ಮಾಡುತ್ತದೆ ಎಂಬುದನ್ನು ವಿವರಿಸಬಲ್ಲೆ.

ಬೇರೊಬ್ಬರ ಮೂತ್ರಪಿಂಡವನ್ನು ಕಸಿ ಮಾಡಿದಾಗ ಅದರ ಜೀವಕೋಶಗಳ ಮೇಲಿನ ಗುರುತುಗಳನ್ನು ನಮ್ಮ ರೋಗನಿರೋಧಕ ವ್ಯವಸ್ಥೆ ಪತ್ತೆ ಹಚ್ಚಿ ದಾಳಿ ಮಾಡುತ್ತದೆ. ಲೋಹದ ಪ್ಲೇಟಿನ ಮೇಲೆ ಅಂಥ ಗುರುತುಗಳೇ ಇರುವುದಿಲ್ಲವಾದ್ದರಿಂದ ಆ ಬಗೆಯ ತಿರಸ್ಕಾರ ಇಲ್ಲಿ ನಡೆಯುವುದಿಲ್ಲ. ನಡೆಯುವುದು ಬೇರೆಯೇ. ಪ್ಲೇಟ್ ರಕ್ತಕ್ಕೆ ತಾಗಿದ ಕೆಲವೇ ಕ್ಷಣಗಳಲ್ಲಿ ಆಲ್ಬುಮಿನ್, ಫೈಬ್ರಿನೋಜನ್, ಫೈಬ್ರೊನೆಕ್ಟಿನ್ ಮುಂತಾದ ಪ್ರೋಟೀನುಗಳು ಅದರ ಮೈಗೆ ಅಂಟಿಕೊಂಡು ತೆಳುವಾದ ಪದರವಾಗುತ್ತವೆ, ಮತ್ತು ಆಮೇಲೆ ಬರುವ ಜೀವಕೋಶಗಳು ಮೊದಲು ಮುಟ್ಟುವುದು ಈ ಪದರವನ್ನೇ. ಕೆಲವು ಗಂಟೆಗಳಲ್ಲಿ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ಬರುತ್ತವೆ. ಅವು ಕೆಲವು ದಿನಗಳಲ್ಲಿ ಕಡಿಮೆಯಾದ ಮೇಲೆ ಹೊರಗಿನ ವಸ್ತುಗಳನ್ನು ನುಂಗುವ ಕೋಶಗಳಾದ ಮ್ಯಾಕ್ರೋಫೇಜ್‌ಗಳು ಕೆಲಸ ವಹಿಸಿಕೊಳ್ಳುತ್ತವೆ. ನುಂಗಿ ಕರಗಿಸಲು ಆಗದಷ್ಟು ದೊಡ್ಡ ವಸ್ತು ಎದುರಾದಾಗ ಅವುಗಳಲ್ಲಿ ಕೆಲವು ಒಂದಕ್ಕೊಂದು ಬೆರೆತು, ಹಲವು ಕೋಶಕೇಂದ್ರಗಳುಳ್ಳ ದೈತ್ಯ ಕೋಶಗಳಾಗುತ್ತವೆ. ಕೊನೆಗೆ ಕೆಲವು ವಾರಗಳಲ್ಲಿ ದೇಹವು ಆ ವಸ್ತುವಿನ ಸುತ್ತ ನಾರಿನ ಪೊರೆಯೊಂದನ್ನು ಹೆಣೆದು ಅದನ್ನು ಉಳಿದ ಭಾಗದಿಂದ ಬೇರ್ಪಡಿಸಿ ಸುಮ್ಮನಾಗುತ್ತದೆ. ಇದಿಷ್ಟೂ ಎಲ್ಲರಲ್ಲೂ, ಎಲ್ಲ ಲೋಹಗಳ ಸುತ್ತಲೂ ಹೆಚ್ಚುಕಡಿಮೆ ಹೀಗೆಯೇ ನಡೆಯುವಂಥದ್ದು, ರೋಗವಲ್ಲ.

ಸ್ಟೀಲ್ ಮತ್ತು ಟೈಟಾನಿಯಂ ಬೇರೆಯಾಗುವುದು ಈ ಕೊನೆಯ ಹಂತದಲ್ಲಿ. ಎಲುಬಿನ ಸ್ಟೀಲ್ ಪ್ಲೇಟುಗಳನ್ನು ಬಹಳ ನುಣುಪಾಗಿ ಹೊಳಪು ಮಾಡಿರುತ್ತಾರೆ. ಅದರ ಸುತ್ತ ಬೆಳೆಯುವ ಪೊರೆ ಪ್ಲೇಟಿಗೆ ಗಟ್ಟಿಯಾಗಿ ಅಂಟುವುದಿಲ್ಲ, ನಡುವೆ ದ್ರವ ತುಂಬಿದ ಸಣ್ಣ ಸಂದು ಉಳಿಯಬಹುದು. ಟೈಟಾನಿಯಂ ಪ್ಲೇಟಿನ ಮೈ ಸಾಮಾನ್ಯವಾಗಿ ಸೂಕ್ಷ್ಮವಾಗಿ ಒರಟಾಗಿರುತ್ತದೆ, ಅದರ ಮೇಲಿನ ಆಕ್ಸೈಡ್ ಪದರಕ್ಕೆ ಜೀವಕೋಶಗಳು ಚೆನ್ನಾಗಿ ಹಿಡಿದುಕೊಳ್ಳುತ್ತವೆ, ಎಲುಬು ತಾಗುವ ಕಡೆಯಲ್ಲಂತೂ ನಡುವೆ ನಾರಿನ ಪೊರೆಯಿಲ್ಲದೆ ಎಲುಬೇ ನೇರವಾಗಿ ಲೋಹಕ್ಕೆ ಹೊಂದಿಕೊಂಡು ಬೆಳೆಯುತ್ತದೆ. ಇದನ್ನು 1950ರ ದಶಕದಲ್ಲಿ ಸ್ವೀಡನ್ನಿನ ಪರ್ ಇಂಗ್ವರ್ ಬ್ರೊನೆಮಾರ್ಕ್ ಎಂಬ ವೈದ್ಯರು ಗಮನಿಸಿದರು. ಮೊಲದ ಎಲುಬಿನೊಳಗಿನ ರಕ್ತಸಂಚಾರ ನೋಡಲು ಕೂರಿಸಿದ್ದ ಟೈಟಾನಿಯಂ ಸಾಧನಗಳನ್ನು ಪ್ರಯೋಗ ಮುಗಿದ ಮೇಲೆ ತೆಗೆಯಲು ಹೋದರೆ ಅವು ಬಿಟ್ಟು ಬರಲಿಲ್ಲ. ಅದರಿಂದಲೇ 1965ರಲ್ಲಿ ಮನುಷ್ಯರಿಗೆ ಹಲ್ಲಿನ ಇಂಪ್ಲಾಂಟ್ ಹಾಕುವ ಕೆಲಸ ಆರಂಭವಾಯಿತು.

ಹಾಗಾದರೆ ಟೈಟಾನಿಯಂ ಯಾವಾಗಲೂ ಮೇಲೇ? ಅಂಟಿಕೊಳ್ಳುವ ಗುಣ ಎಲ್ಲ ಕಡೆಯೂ ಒಳ್ಳೆಯದಲ್ಲ. ಕೈ ಮತ್ತು ಮಣಿಕಟ್ಟಿನಲ್ಲಿ ಸ್ನಾಯುರಜ್ಜುಗಳು ಪ್ಲೇಟಿನ ಮೇಲೆ ಜಾರಬೇಕಾದ ಕಡೆ ಒರಟು ಮೈ ತೊಂದರೆ ಕೊಡಬಹುದು, ಅಲ್ಲಿ ನುಣುಪು ಮೈಯೇ ಹಿತ. ನಂತರ ತೆಗೆಯುವಾಗಲೂ ಟೈಟಾನಿಯಂ ಕಷ್ಟ ಕೊಡುತ್ತದೆ.

ಇನ್ನು ನಿಮ್ಮ ಓಣಿಯವರ ರಾಡಿನ ವಿಷಯ. ಕೀವು ಸೋರಿತು ಎಂದರೆ ಅದು ಹೆಚ್ಚಾಗಿ ಸೋಂಕು, ಲೋಹದ ಗುಣವಲ್ಲ. ಸ್ಟೆಫಿಲೊಕಾಕಸ್ ಬ್ಯಾಕ್ಟೀರಿಯಾಗಳು ಲೋಹದ ಮೈಗೆ ಅಂಟಿ, ತಮ್ಮ ಸುತ್ತ ಲೋಳೆಯಂಥ ಬಯೋಫಿಲ್ಮ್ ಕಟ್ಟಿಕೊಂಡು ಕೂತುಬಿಟ್ಟರೆ ಔಷಧವೂ ಬಿಳಿ ರಕ್ತಕಣವೂ ಅವುಗಳನ್ನು ಸುಲಭವಾಗಿ ತಲುಪಲಾರವು. ಆಂಟನಿ ಗ್ರಿಸ್ಟಿನಾ ಎಂಬ ಅಮೆರಿಕದ ವೈದ್ಯರು 1987ರಲ್ಲಿ ಇದನ್ನು ಇಂಪ್ಲಾಂಟಿನ ಮೈಗಾಗಿ ನಡೆಯುವ ಓಟದ ಪಂದ್ಯ ಎಂದು ಬಣ್ಣಿಸಿದ್ದರು: ನಮ್ಮ ಜೀವಕೋಶಗಳು ಮೊದಲು ಬಂದು ಹಿಡಿದುಕೊಂಡರೆ ಬ್ಯಾಕ್ಟೀರಿಯಾಕ್ಕೆ ಜಾಗವಿಲ್ಲ. ನಾನು ಮೇಲೆ ಹೇಳಿದ ದ್ರವದ ಸಂದು ಇಲ್ಲಿಯೇ ಮುಖ್ಯವಾಗುತ್ತದೆ. ಮೊಲಗಳ ಮೇಲಿನ ಪ್ರಯೋಗದಲ್ಲಿ ಒಂದೇ ಪ್ರಮಾಣದ ಬ್ಯಾಕ್ಟೀರಿಯಾ ಬಿಟ್ಟಾಗ ಸ್ಟೀಲ್ ಪ್ಲೇಟಿನ ಸುತ್ತ ಸೋಂಕು ಟೈಟಾನಿಯಂಗಿಂತ ಹೆಚ್ಚಾಗಿ ಕಂಡಿತ್ತು. ಮನುಷ್ಯರಲ್ಲಿ ಅಷ್ಟು ಸ್ಪಷ್ಟ ವ್ಯತ್ಯಾಸ ತೋರಿಸುವುದು ಕಷ್ಟ. ಏಕೆಂದರೆ ಗಾಯ ತೆರೆದಿತ್ತೋ ಮುಚ್ಚಿತ್ತೋ, ಹೊಲದ ಮಣ್ಣು ಸೇರಿತ್ತೋ, ಸಕ್ಕರೆ ಕಾಯಿಲೆ ಹತೋಟಿಯಲ್ಲಿತ್ತೋ, ರೋಗಿ ಬೀಡಿ ಸೇದುತ್ತಿದ್ದರೋ ಎಂಬ ಸಂಗತಿಗಳು ಲೋಹಕ್ಕಿಂತ ಎಷ್ಟೋ ಪಾಲು ಹೆಚ್ಚು ತೂಗುತ್ತವೆ. ನಿಮ್ಮ ತಾಯಿಯವರ ಚರ್ಮ ಹರಿದಿಲ್ಲವೆಂಬುದು ಈ ಲೆಕ್ಕದಲ್ಲಿ ಬಹಳ ಒಳ್ಳೆಯ ಸುದ್ದಿ. ಬಾವು ಇಳಿಯುವವರೆಗೆ ಕಾಯುತ್ತಿರುವುದೂ ಅದಕ್ಕಾಗಿಯೇ, ಆ ಜಾಗದಲ್ಲಿ ಚರ್ಮ ತೀರ ತೆಳು.

ಬೆಂಡೋಲೆಯ ವಿಷಯವನ್ನು ಲೋಹ ಬಲ್ಲವರು ಮೊದಲು ವಿವರಿಸಿದರೆ ನಾನು ಆಮೇಲೆ ಬರೆಯುತ್ತೇನೆ.

ಲೋಹಶಾಸ್ತ್ರ ಪಾಠ ಮಾಡುವವ, ಧಾರವಾಡ

ವೈದ್ಯರು ಕರೆದಿದ್ದಾರೆಂದು ಬರೆಯುತ್ತಿದ್ದೇನೆ. ಎಲುಬಿಗೆ ಹಾಕುವ ಸ್ಟೀಲ್ ಅಡುಗೆಮನೆಯ ಸ್ಟೀಲ್ ಅಲ್ಲ. ಪಾತ್ರೆಗಳಿಗೆ ಬಳಸುವ ದರ್ಜೆಗಳಲ್ಲಿ 304 ಒಂದು, ಇಂಪ್ಲಾಂಟಿಗೆ ಬಳಸುವುದು 316ಎಲ್ ಎಂಬ ದರ್ಜೆಯ ಇನ್ನೂ ಶುದ್ಧ ರೂಪ. ಅದರಲ್ಲಿ ಕಬ್ಬಿಣದ ಜೊತೆ ಸುಮಾರು ಶೇ. 17ರಿಂದ 19 ಕ್ರೋಮಿಯಂ, ಶೇ. 13ರಿಂದ 15 ನಿಕ್ಕಲ್, ಶೇ. 2ರಿಂದ 3 ಮಾಲಿಬ್ಡಿನಂ ಇರುತ್ತದೆ. ಎಲ್ ಎಂಬುದು ಇಂಗಾಲದ ಅಂಶ ಶೇ. 0.03ಕ್ಕಿಂತ ಕಡಿಮೆ ಎಂಬುದರ ಸೂಚನೆ. ಕ್ರೋಮಿಯಂ ಗಾಳಿಯ ಆಮ್ಲಜನಕದೊಂದಿಗೆ ಸೇರಿ ಕೆಲವೇ ನ್ಯಾನೋಮೀಟರ್ ದಪ್ಪದ ಆಕ್ಸೈಡ್ ಪದರವಾಗಿ ಲೋಹವನ್ನು ಕಾಯುತ್ತದೆ. ಗೀರು ಬಿದ್ದರೂ ಆಮ್ಲಜನಕ ಸಿಕ್ಕರೆ ಆ ಪದರ ಕ್ಷಣದಲ್ಲಿ ಮತ್ತೆ ಮೂಡುತ್ತದೆ.

ತೊಂದರೆ ಇರುವುದು ಉಪ್ಪಿನಲ್ಲಿ. ನಮ್ಮ ಮನೆಗಳಲ್ಲಿ ಉಪ್ಪಿನಕಾಯಿಯನ್ನು ಸ್ಟೀಲ್ ಡಬ್ಬಿಯಲ್ಲಿ ಇಡದೆ ಭರಣಿಯಲ್ಲಿ ಇಡುತ್ತಾರಲ್ಲ, ದೇಹದಲ್ಲೂ ಅದೇ ರಸಾಯನಶಾಸ್ತ್ರ ಕೆಲಸ ಮಾಡುತ್ತದೆ. ದೇಹದ ದ್ರವ 37 ಡಿಗ್ರಿ ಸೆಲ್ಸಿಯಸ್‌ನ ಉಪ್ಪುನೀರು, ಅದರಲ್ಲಿನ ಕ್ಲೋರೈಡ್ ಆಕ್ಸೈಡ್ ಪದರವನ್ನು ಅಲ್ಲಲ್ಲಿ ಒಡೆಯಬಲ್ಲದು. ಮಾಲಿಬ್ಡಿನಂ ಸೇರಿಸುವುದು ಇದನ್ನು ತಡೆಯಲಿಕ್ಕೆ. ಆದರೂ ಸ್ಕ್ರೂವಿನ ತಲೆ ಪ್ಲೇಟಿನ ತೂತಿನಲ್ಲಿ ಕೂರುವ ಇಕ್ಕಟ್ಟಾದ ಸಂದಿನಲ್ಲಿ ಆಮ್ಲಜನಕ ಬೇಗ ಮುಗಿದು, ದ್ರವ ಆಮ್ಲೀಯವಾಗಿ, ಪದರ ಮತ್ತೆ ಮೂಡಲು ಅವಕಾಶವೇ ಸಿಗುವುದಿಲ್ಲ. ಅದರ ಮೇಲೆ ಪ್ರತಿ ಹೆಜ್ಜೆಗೂ ಸ್ಕ್ರೂ ಮತ್ತು ಪ್ಲೇಟ್ ಕಣ್ಣಿಗೆ ಕಾಣದಷ್ಟು ಉಜ್ಜಾಡಿದರೆ ಪದರ ಮೂಡುವ ಮೊದಲೇ ಕೆರೆದುಹೋಗುತ್ತದೆ. ರೋಗಿಗಳ ದೇಹದಿಂದ ತೆಗೆದ ಸ್ಟೀಲ್ ಪ್ಲೇಟುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ತುಕ್ಕು ಹೆಚ್ಚಾಗಿ ಕಾಣಸಿಗುವುದು ಈ ಸಂದಿನಲ್ಲಿಯೇ. ಅಲ್ಲಿಂದ ಕಬ್ಬಿಣ, ಕ್ರೋಮಿಯಂ, ನಿಕ್ಕಲ್ ಅಯಾನುಗಳು ಅತಿ ಸಣ್ಣ ಪ್ರಮಾಣದಲ್ಲಿ ಸುತ್ತಲಿನ ಮಾಂಸಕ್ಕೆ ಸೇರುತ್ತವೆ.

ಟೈಟಾನಿಯಂ ಆಕ್ಸೈಡ್ ಪದರ ಇದಕ್ಕಿಂತ ಬಹಳ ಗಟ್ಟಿಗ, ದೇಹದ ಉಪ್ಪಿಗೆ ಅದು ಜಗ್ಗುವುದಿಲ್ಲ. ಪ್ಲೇಟುಗಳಿಗೆ ಶುದ್ಧ ಟೈಟಾನಿಯಂ ಅಥವಾ ಶೇ. 6 ಅಲ್ಯೂಮಿನಿಯಂ, ಶೇ. 4 ವನೇಡಿಯಂ ಸೇರಿದ ಮಿಶ್ರಲೋಹ ಬಳಸುತ್ತಾರೆ. ವನೇಡಿಯಂ ಜೀವಕೋಶಗಳಿಗೆ ಹಿತವಲ್ಲವೆಂಬ ಕಾರಣಕ್ಕೆ ಅದರ ಬದಲು ಶೇ. 7 ನಿಯೋಬಿಯಂ ಹಾಕಿದ ಮಿಶ್ರಲೋಹವೂ ಬಂದಿದೆ. ಉಜ್ಜಾಟ ಟೈಟಾನಿಯಂಗೂ ಒಳ್ಳೆಯದಲ್ಲ, ಉಜ್ಜಿದರೆ ಅದು ಬೇಗ ಸವೆಯುತ್ತದೆ. ಸಡಿಲ ಸ್ಕ್ರೂ ಇದ್ದರೆ ಅದರಿಂದ ಕಪ್ಪು ಪುಡಿ ಉದುರಿ ಸುತ್ತಲಿನ ಮಾಂಸ ಬೂದಿ ಬಣ್ಣಕ್ಕೆ ತಿರುಗುತ್ತದೆ.

ಇನ್ನೊಂದು ವಿಷಯವನ್ನು ನಾನು ತರಗತಿಯಲ್ಲಿ ಪ್ರತಿ ವರ್ಷ ಒತ್ತಿ ಹೇಳುತ್ತೇನೆ. ಎರಡು ಬೇರೆ ಲೋಹಗಳು ಉಪ್ಪುನೀರಿನಲ್ಲಿ ತಾಗಿಕೊಂಡಿದ್ದರೆ ಅದು ಬ್ಯಾಟರಿಯಾಗುತ್ತದೆ. ಬೆಲ್ಜಿಯಂನ ಆಲ್ಬಿನ್ ಲ್ಯಾಂಬೋಟ್ 1907ರಲ್ಲಿ ಕಾಲಿನ ಎಲುಬಿಗೆ ಮೆಗ್ನೀಸಿಯಂ ಪ್ಲೇಟ್ ಇಟ್ಟು ಉಕ್ಕಿನ ಮೊಳೆ ಹೊಡೆದಾಗ ಎಂಟು ದಿನದಲ್ಲಿ ಪ್ಲೇಟ್ ಕರಗಿ ಚರ್ಮದ ಕೆಳಗೆ ಅನಿಲ ತುಂಬಿಕೊಂಡಿತು. ಕಾರಣ ಸ್ಪಷ್ಟವಾದದ್ದು 1937ರಲ್ಲಿ, ಟೆಕ್ಸಸ್‌ನ ವೆನಬಲ್ ಮತ್ತು ಸ್ಟಕ್ ಎಂಬ ವೈದ್ಯರು ನಾಯಿಗಳ ಎಲುಬಿನಲ್ಲಿ ಬೇರೆ ಬೇರೆ ಲೋಹಗಳನ್ನಿಟ್ಟು, ಎಲುಬು ಸವೆಯುವುದಕ್ಕೂ ಲೋಹಗಳ ನಡುವಿನ ವಿದ್ಯುತ್ ಕ್ರಿಯೆಗೂ ಇರುವ ನಂಟನ್ನು ತೋರಿಸಿದಾಗ. ಆದ್ದರಿಂದ ಪ್ಲೇಟ್ ಯಾವುದೇ ಇರಲಿ, ಸ್ಕ್ರೂಗಳೂ ಅದೇ ಲೋಹದ್ದಾಗಿರಬೇಕೆಂಬುದು ಸಾಮಾನ್ಯ ನಿಯಮ.

ಬಾಗದೆ ನಿಲ್ಲುವ ಗುಣದ ಬಗ್ಗೆಯೂ ಎರಡು ಮಾತು. ಈ ಗುಣದ ಅಳತೆಯಾದ ಸ್ಥಿತಿಸ್ಥಾಪಕ ಗುಣಾಂಕ ಸ್ಟೀಲಿಗೆ ಸುಮಾರು 200 ಗಿಗಾಪಾಸ್ಕಲ್, ಟೈಟಾನಿಯಂ ಮಿಶ್ರಲೋಹದ್ದು ಸುಮಾರು 110, ಎಲುಬಿನ ಗಟ್ಟಿ ಹೊರಪದರದ್ದು 20ರ ಆಸುಪಾಸು. ಪ್ಲೇಟೇ ಎಲ್ಲ ಭಾರ ಹೊತ್ತರೆ ಕೆಳಗಿನ ಎಲುಬಿಗೆ ಕೆಲಸವಿಲ್ಲದೆ ಅದು ಸೊರಗುತ್ತದೆ ಎಂಬ ವಾದ ಇಲ್ಲಿಂದಲೇ ಹುಟ್ಟಿದ್ದು. ಆದರೆ ಪ್ಲೇಟಿನ ದಪ್ಪ ಸ್ವಲ್ಪ ಬದಲಾದರೂ ಬಾಗುವಿಕೆ ಬಹಳ ಬದಲಾಗುತ್ತದಾದ್ದರಿಂದ ಲೋಹದ ಹೆಸರೊಂದನ್ನೇ ಹಿಡಿದು ಇದನ್ನು ತೀರ್ಮಾನಿಸಲಾಗದು.

ಬ್ಯಾಡಗಿ ರೈತ

ನನಗೆ ವಿಜ್ಞಾನ ತಿಳಿಯದು, ಅನುಭವ ಹೇಳುತ್ತೇನೆ. ಬೈಕಿನಿಂದ ಬಿದ್ದು ಮುಂಗೈ ಮುರಿದಾಗ ಟೈಟಾನಿಯಂ ಪ್ಲೇಟ್ ಹಾಕಿದ್ದರು. ಎಲುಬು ಚೆನ್ನಾಗಿ ಕೂಡಿತು, ಮೆಣಸಿನಕಾಯಿ ಚೀಲ ಎತ್ತುವ ಕೆಲಸಕ್ಕೂ ತೊಂದರೆಯಾಗಲಿಲ್ಲ. ಚಳಿಗಾಲದಲ್ಲಿ ಆ ಜಾಗ ಸೆಳೆಯುತ್ತಿದ್ದುದರಿಂದ ಎರಡು ವರ್ಷಗಳ ಮೇಲೆ ನಾನೇ ಹಟ ಹಿಡಿದು ತೆಗೆಸಿದೆ. ಒಂದು ಸ್ಕ್ರೂ ಪ್ಲೇಟಿಗೆ ಬೆಸೆದುಕೊಂಡಂತಾಗಿ, ತಿರುಗಿಸಲು ಹೋದರೆ ಅದರ ತಲೆಯಲ್ಲಿನ ಕುಳಿಯೇ ಸವೆದುಹೋಯಿತಂತೆ. ಅರ್ಧ ಗಂಟೆಯ ಕೆಲಸ ಎಂದದ್ದು ಬಹಳ ಹೊತ್ತು ಹಿಡಿಯಿತು. ಪ್ಲೇಟಿನ ಕೆಳಗಿನ ಮಾಂಸ ಕಪ್ಪಾಗಿತ್ತು ಎಂದು ವೈದ್ಯರು ಹೇಳಿದರು, ಭಯಪಡುವಂಥದ್ದಲ್ಲ ಎಂದೂ ಹೇಳಿದರು. ನಿಮ್ಮ ತಾಯಿಯವರಿಗೆ ಹಾಕಿಸುವ ಮೊದಲೇ, ಮುಂದೆ ತೆಗೆಯಬೇಕಾಗುತ್ತದೆಯೇ ಎಂದು ಕೇಳಿಕೊಳ್ಳಿರಿ.

ಬೆಟಗೇರಿ ಮಗ್ಗದ ಮನೆ

ಮೂವರಿಗೂ ನಮಸ್ಕಾರಗಳು. ಇಷ್ಟು ವಿವರವನ್ನು ನಾನು ನಿರೀಕ್ಷಿಸಿರಲಿಲ್ಲ. ಈಗ ಉಳಿದಿರುವುದು ಎರಡೇ ಪ್ರಶ್ನೆಗಳು. ಸ್ಟೀಲಿನಲ್ಲಿ ಶೇ. 13ರಷ್ಟು ನಿಕ್ಕಲ್ ಇದೆಯೆಂದ ಮೇಲೆ ಅವ್ವನ ಕಿವಿಯ ಅಲರ್ಜಿಯನ್ನು ಹೇಗೆ ನೋಡಬೇಕು, ಅದಕ್ಕೆ ಪರೀಕ್ಷೆ ಇದೆಯೇ? ಮತ್ತು ಮುಂದೆ ತೆಗೆಯುವ ರಗಳೆಯೇ ಬೇಡವೆಂದರೆ, ತಾನಾಗಿ ಕರಗುವ ಪ್ಲೇಟುಗಳಿವೆ ಎಂದು ಎಲ್ಲೋ ಓದಿದ್ದೆ, ಅವು ಹೇಗೆ?

ಎಲುಬು-ಕೀಲು ವೈದ್ಯ, ಹುಬ್ಬಳ್ಳಿ

ನಿಕ್ಕಲ್ ಅಲರ್ಜಿ ಚರ್ಮದಲ್ಲಿ ಸಾಮಾನ್ಯ, ಕಿವಿ ಚುಚ್ಚಿಸಿಕೊಂಡು ಅಗ್ಗದ ಆಭರಣ ಧರಿಸುವ ಹೆಂಗಸರಲ್ಲಿ ಇನ್ನೂ ಸಾಮಾನ್ಯ. ಬೆವರಿನಲ್ಲಿ ಕರಗಿದ ನಿಕ್ಕಲ್ ಚರ್ಮದ ಪ್ರೋಟೀನಿಗೆ ಅಂಟಿದಾಗ ಟಿ ಲಿಂಫೋಸೈಟ್ ಎಂಬ ಕೋಶಗಳು ಅದನ್ನು ಶತ್ರುವೆಂದು ಗುರುತಿಸಿಕೊಂಡುಬಿಡುತ್ತವೆ. ಆಮೇಲೆ ಪ್ರತಿ ಬಾರಿ ತಾಗಿದಾಗಲೂ ಒಂದೆರಡು ದಿನದಲ್ಲಿ ಕೆರೆತ ಶುರು. ಆದರೆ ಚರ್ಮದಲ್ಲಿ ಇಂಥ ಪ್ರತಿಕ್ರಿಯೆಗೆ ಬೇಕಾದ ವಿಶೇಷ ಕೋಶಗಳು ದಟ್ಟವಾಗಿರುವಂತೆ ಆಳದ ಮಾಂಸದಲ್ಲಿ ಇರುವುದಿಲ್ಲ. ಹಾಗಾಗಿ ಕಿವಿಗೆ ನಿಕ್ಕಲ್ ಆಗದವರಲ್ಲಿ ಬಹುಪಾಲು ಮಂದಿ ಸ್ಟೀಲ್ ಪ್ಲೇಟನ್ನು ಯಾವ ತೊಂದರೆಯೂ ಇಲ್ಲದೆ ಹೊತ್ತು ತಿರುಗುತ್ತಾರೆ. ಕೆಲವೇ ಕೆಲವರಲ್ಲಿ ಪ್ಲೇಟಿನ ಮೇಲಿನ ಚರ್ಮದಲ್ಲಿ ಕಜ್ಜಿಯಂತೆ ಕೆಂಪಾಗುವುದು, ಸೋಂಕಿಲ್ಲದೆಯೂ ಊತ, ನೋವು ಉಳಿಯುವುದು ಕಂಡುಬಂದಿದೆ. ಪ್ಲೇಟ್ ತೆಗೆದ ಮೇಲೆ ಅದು ಇಳಿದಾಗ ಅನುಮಾನ ಗಟ್ಟಿಯಾಗುತ್ತದೆ.

ಪ್ಯಾಚ್ ಟೆಸ್ಟ್ ಎಂಬ ಪರೀಕ್ಷೆ ಇದೆ. ಬೆನ್ನಿಗೆ ನಿಕ್ಕಲ್ ಮುಂತಾದ ಲೋಹಗಳ ಲವಣವಿರುವ ಪಟ್ಟಿ ಅಂಟಿಸಿ 48 ಗಂಟೆಗಳ ಮೇಲೆ ತೆಗೆದು ನೋಡುತ್ತಾರೆ, ಒಂದೆರಡು ದಿನ ಬಿಟ್ಟು ಮತ್ತೊಮ್ಮೆ ನೋಡುತ್ತಾರೆ. ಅದು ಚರ್ಮದ ಅಲರ್ಜಿಯನ್ನು ಹೇಳುತ್ತದೆಯೇ ಹೊರತು ಎಲುಬಿನ ಪಕ್ಕದಲ್ಲಿ ಏನಾಗುತ್ತದೆಂದು ಹೇಳಲಾರದು. ಮುರಿದ ಎಲುಬನ್ನು ಇಟ್ಟುಕೊಂಡು ಅದಕ್ಕಾಗಿ ಕಾಯುವುದು ನನಗೆ ಸರಿ ಕಾಣುವುದಿಲ್ಲ. ನಿಮ್ಮ ತಾಯಿಯವರ ಕಿವಿಯ ವೃತ್ತಾಂತವೇ ಸಾಕಷ್ಟು ಸ್ಪಷ್ಟವಾಗಿದೆ. ಇಷ್ಟು ಗಟ್ಟಿ ಇತಿಹಾಸವಿದ್ದು, ಖರ್ಚನ್ನು ಹೊರಲು ಸಾಧ್ಯವಿದ್ದು, ಆ ಮುರಿತಕ್ಕೆ ಹೊಂದುವ ಟೈಟಾನಿಯಂ ಪ್ಲೇಟ್ ಸಿಗುವುದಾದರೆ ನಾನು ಟೈಟಾನಿಯಂ ಕಡೆಗೇ ವಾಲುತ್ತೇನೆ, ಅದರಲ್ಲಿ ನಿಕ್ಕಲ್ ಇಲ್ಲವೆಂದೇ ಹೇಳಬಹುದು. ಖರ್ಚು ಹೊರಲಾಗದಿದ್ದರೆ ಸಾಲ ಮಾಡುವಷ್ಟು ದೊಡ್ಡ ವ್ಯತ್ಯಾಸ ಇದಲ್ಲ. ಚೆನ್ನಾಗಿ ಕೂರಿಸಿದ ಸ್ಟೀಲ್ ಪ್ಲೇಟ್ ಕೆಟ್ಟದಾಗಿ ಕೂರಿಸಿದ ಟೈಟಾನಿಯಂಗಿಂತ ಸದಾ ಮೇಲು. ಎರಡರಲ್ಲಿ ಯಾವುದನ್ನೇ ಆರಿಸಿದರೂ ಕಿವಿಯ ವಿಷಯವನ್ನು ಶಸ್ತ್ರಚಿಕಿತ್ಸಕರಿಗೆ ತಪ್ಪದೆ ತಿಳಿಸಿ.

ಧಾರವಾಡದ ಮೇಷ್ಟ್ರು ಹೇಳಿದ ಎಲುಬು ಸೊರಗುವ ಮಾತಿಗೆ ಒಂದು ಸೇರಿಕೆ. ಪ್ಲೇಟಿನ ಕೆಳಗಿನ ಎಲುಬು ಟೊಳ್ಳಾಗಲು ಭಾರ ಬೀಳದಿರುವುದೇ ಕಾರಣವೆಂದು ಮೊದಲು ನಂಬಿದ್ದರು. ಪ್ಲೇಟ್ ಎಲುಬಿಗೆ ಒತ್ತಿಕೊಂಡು ಹೊರಪೊರೆಯ ರಕ್ತಸಂಚಾರ ನಿಲ್ಲಿಸುವುದೂ ಅಷ್ಟೇ ದೊಡ್ಡ ಕಾರಣವೆಂದು ಸ್ವಿಟ್ಜರ್ಲೆಂಡಿನಲ್ಲಿ 1958ರಲ್ಲಿ ಆರಂಭವಾದ ಎಒ ಎಂಬ ಎಲುಬು ಶಸ್ತ್ರಚಿಕಿತ್ಸಕರ ಗುಂಪಿನ ಸಂಶೋಧಕರು ಆಮೇಲೆ ತೋರಿಸಿದರು. ಅಂದಿನಿಂದ ಎಲುಬಿಗೆ ಆದಷ್ಟು ಕಡಿಮೆ ತಾಗುವ ಪ್ಲೇಟುಗಳು ಬಂದಿವೆ. ಜೀವಂತ ಎಲುಬಿಗೆ ಲೋಹ ಯಾವುದೆಂಬುದಕ್ಕಿಂತ ರಕ್ತ ಉಳಿಯಿತೇ ಎಂಬುದು ದೊಡ್ಡದು.

ಕರಗುವ ಪ್ಲೇಟುಗಳು ಇವೆ, ಆದರೆ ನಿಮ್ಮ ತಾಯಿಯವರ ಮುರಿತಕ್ಕೆ ಅಲ್ಲ. ಪಾಲಿಗ್ಲೈಕೋಲಿಕ್ ಆಮ್ಲದಿಂದ ಮಾಡಿದ ಮೊದಮೊದಲಿನ ಕಡ್ಡಿಗಳು ಕರಗುವ ಹೊತ್ತಿಗೆ, ಅಂದರೆ ಎರಡು ಮೂರು ತಿಂಗಳ ಮೇಲೆ, ಕೆಲವರಲ್ಲಿ ಬ್ಯಾಕ್ಟೀರಿಯಾ ಇಲ್ಲದ ಊತ ಮತ್ತು ಸೋರಿಕೆ ತಂದವು. ಕರಗಿದ ಆಮ್ಲದ ತುಣುಕುಗಳನ್ನು ತೆರವು ಮಾಡಲು ಮ್ಯಾಕ್ರೋಫೇಜ್‌ಗಳು ಒಮ್ಮೆಗೇ ಮುಗಿಬೀಳುವುದರಿಂದ ಹೀಗಾಗುತ್ತದೆ. ಪಾಲಿಲ್ಯಾಕ್ಟಿಕ್ ಆಮ್ಲದ್ದು ನಿಧಾನವಾಗಿ, ವರ್ಷಗಟ್ಟಲೆ ಕರಗುತ್ತದೆ, ಗಲಾಟೆ ಕಡಿಮೆ. ಲ್ಯಾಂಬೋಟರ ಮೆಗ್ನೀಸಿಯಂ ಕೂಡ ಮಿಶ್ರಲೋಹದ ರೂಪದಲ್ಲಿ ಮರಳಿದೆ, 2013ರಲ್ಲಿ ಯುರೋಪಿನಲ್ಲಿ ಅಂಥ ಸ್ಕ್ರೂಗೆ ಅನುಮತಿ ಸಿಕ್ಕಿತು. ಅದು ಕರಗುವಾಗ ಬಿಡುವ ಹೈಡ್ರೋಜನ್ ಗುಳ್ಳೆಗಳು ಎಕ್ಸ್‌ರೇಯಲ್ಲಿ ಕೆಲವು ಕಾಲ ಕಪ್ಪು ನೆರಳಾಗಿ ಕಾಣುತ್ತವೆ. ಇವೆಲ್ಲ ಸಣ್ಣ ಎಲುಬುಗಳಿಗೆ, ಭಾರ ಕಡಿಮೆ ಇರುವ ಜಾಗಗಳಿಗೆ ಸಲ್ಲುತ್ತವೆ, ದೇಹದ ಭಾರ ಹೊರುವ ಕಾಲಿಗೆ ಸಾಲವು.

ಪ್ಲೇಟ್ ತೆಗೆಯಲೇಬೇಕೆಂಬ ನಿಯಮವಿಲ್ಲ. ನೋವು, ಸೋಂಕು, ಚರ್ಮದ ಕೆಳಗೆ ಉಬ್ಬಿ ಚಪ್ಪಲಿಗೆ ತಾಗುವುದು, ಇಂಥವು ಇದ್ದರೆ ಎಲುಬು ಪೂರ್ತಿ ಕೂಡಿದ ಮೇಲೆ ತೆಗೆಯುತ್ತೇವೆ. ಪಾದದ ಹತ್ತಿರದ ಪ್ಲೇಟು ಕೈಗೆ ತಗಲುವುದು ಸಾಮಾನ್ಯ, ಮಗ್ಗ ತುಳಿಯುವಾಗ ಅದು ಒತ್ತುತ್ತದೆಯೇ ಎಂಬುದು ಅವರು ಕೆಲಸಕ್ಕೆ ಮರಳಿದ ಮೇಲಷ್ಟೇ ತಿಳಿಯುತ್ತದೆ. ಬ್ಯಾಡಗಿಯವರು ಹೇಳಿದ ಕಪ್ಪು ಬಣ್ಣ ಟೈಟಾನಿಯಂ ಪುಡಿಯದು, ಸೋಂಕಿನ ಲಕ್ಷಣಗಳಿಲ್ಲದಿದ್ದರೆ ಸಾಮಾನ್ಯವಾಗಿ ಅದರಿಂದ ಅಪಾಯವಿಲ್ಲ. ಸ್ಕ್ರೂ ಬೆಸೆದುಕೊಳ್ಳುವುದು ಪ್ಲೇಟಿಗೆ ಲಾಕ್ ಆಗುವ ಟೈಟಾನಿಯಂ ಸ್ಕ್ರೂಗಳಲ್ಲಿ ನಮಗೂ ಎದುರಾಗುವ ತಲೆನೋವು. ಆದ್ದರಿಂದ ಒಂದು ಕೆಲಸ ಮಾಡಿ. ಇಂಪ್ಲಾಂಟಿನ ಪೊಟ್ಟಣದ ಮೇಲೆ ಲೋಹ, ಅಳತೆ ಮತ್ತು ಬ್ಯಾಚ್ ಸಂಖ್ಯೆ ಇರುವ ಸ್ಟಿಕ್ಕರ್ ಇರುತ್ತದೆ. ಅದರ ಒಂದು ಪ್ರತಿಯನ್ನು ಡಿಸ್ಚಾರ್ಜ್ ಹಾಳೆಗೆ ಅಂಟಿಸಿಕೊಡಲು ಕೇಳಿ, ಹಾಳೆಯನ್ನು ಎಕ್ಸ್‌ರೇಗಳ ಜೊತೆಗೇ ಇಟ್ಟುಕೊಳ್ಳಿ. ಮುಂದೆ ಎಂಆರ್‌ಐ ಮಾಡಿಸಬೇಕಾದಾಗ ಒಳಗಿರುವುದು ಯಾವ ಲೋಹವೆಂದು ಕೇಳುತ್ತಾರೆ (ಎರಡರಲ್ಲೂ ಸ್ಕ್ಯಾನ್ ಸಾಮಾನ್ಯವಾಗಿ ಸಾಧ್ಯ, ಸ್ಟೀಲಿನ ಸುತ್ತ ಚಿತ್ರ ಹೆಚ್ಚು ಕದಡುತ್ತದೆ). ಬೇರೆ ಊರಿನಲ್ಲಿ ಪ್ಲೇಟ್ ತೆಗೆಸುವ ಪ್ರಸಂಗ ಬಂದರೆ ಅಲ್ಲಿನ ವೈದ್ಯರು ಆ ಸ್ಟಿಕ್ಕರ್ ನೋಡಿ ಸರಿಯಾದ ಸ್ಕ್ರೂಡ್ರೈವರನ್ನು ಮೊದಲೇ ತರಿಸಿಟ್ಟುಕೊಳ್ಳಬಹುದು.